ಸವಿತಾ ಹೇಳದೆ ಹೋದ ಮಧ್ಯಾಹ್ನ

ಮೂರು ವರ್ಷದ ಹಿಂದಿನ ಮಾತು. ನಾನು ಗುಬ್ಬಿಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಪುಸ್ತಕದ ಮಸುಕು ಚಿತ್ರಗಳು ಸಾಲದೆಂದು ವಿದೇಶದ ಏಷ್ಯನ್ ಕಲಾ ಮ್ಯೂಸಿಯಂ ಒಂದರ ವೆಬ್‌ಸೈಟಿನಿಂದ ಶಿಲ್ಪಗಳ ಫೋಟೊಗಳನ್ನು ಸ್ಮಾರ್ಟ್ ಟಿವಿಯಲ್ಲಿ ತೋರಿಸುತ್ತಿದ್ದೆ. ಮಕ್ಕಳಿಗೆ ಕೇಳಬೇಕಾದ ಪ್ರಶ್ನೆಗಳೂ ಅದರಲ್ಲೇ ಇರುತ್ತಿದ್ದವು.

ಆ ದಿನ ಬುದ್ಧನ ಪಾಠ. ಉಪವಾಸದಿಂದ ಸೊರಗಿದ ಸಿದ್ಧಾರ್ಥನ ಶಿಲ್ಪವನ್ನು ದೊಡ್ಡದು ಮಾಡಿ ತೋರಿಸಿದೆ. ಪಕ್ಕೆಲುಬು ಎಣಿಸಬಹುದಿತ್ತು, ಕಣ್ಣು ಗುಳಿ ಬಿದ್ದಿತ್ತು. ನೋಡಿದರೆ ಯಾರ ನೆನಪಾಗುತ್ತದೆ ಎಂದು ಕೇಳಿದೆ. ಹುಡುಗರು ನಕ್ಕರು. ಎರಡನೇ ಬೆಂಚಿನ ಸವಿತಾ ತಲೆ ತಗ್ಗಿಸಿಬಿಟ್ಟಳು. ನಾನು ಪಾಠ ಮುಂದುವರಿಸಿದೆ.

ಊಟದ ಬಿಡುವಿನ ನಂತರ ಅವಳು ಕ್ಲಾಸಿಗೆ ಬರಲಿಲ್ಲ. ಬ್ಯಾಗು ಬೆಂಚಿನ ಮೇಲೇ ಇತ್ತು. ಟಾಯ್ಲೆಟ್, ಅಡುಗೆ ಕೋಣೆ, ಮೈದಾನ, ಎಲ್ಲೂ ಇಲ್ಲ. ಅವಳು ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಫೋನ್ ಮಾಡಿದರೆ ಅಲ್ಲಿಗೂ ಹೋಗಿರಲಿಲ್ಲ. ಚಿತ್ರದ ವಿಷಯ ಹೇಳಿದಾಗ ಚಿಕ್ಕಮ್ಮ ಕಾರಣ ಹೇಳಿದರು. ಸವಿತಾಳ ಅಮ್ಮನಿಗೆ ಟಿಬಿಯಂತೆ. ಕುಣಿಗಲ್‌ನ ತವರಿನಲ್ಲಿದ್ದಾರೆ, ಎರಡು ತಿಂಗಳಿಂದ ಮಗಳನ್ನು ಹತ್ತಿರ ಬಿಟ್ಟುಕೊಂಡಿಲ್ಲ ಎಂದರು.

ಹೆಡ್‌ಮಾಸ್ಟರಿಗೆ ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದೆ. ಯೂನಿಫಾರ್ಮಿನ ಹುಡುಗಿಯೊಬ್ಬಳು ತುಮಕೂರು ಬಸ್ ಹತ್ತಿದ್ದನ್ನು ಹೂ ಮಾರುವ ಹೆಂಗಸು ನೋಡಿದ್ದಳು. ಮುಂದಿನ ಬಸ್ಸಿನಲ್ಲಿ ಹೊರಟೆ. ಪ್ರತಿ ಸ್ಟಾಪಿನಲ್ಲೂ ಕಿಟಕಿಯಿಂದ ಇಣುಕುತ್ತಿದ್ದೆ. ಹದಿಮೂರು ವರ್ಷದ ಹುಡುಗಿ, ಕೈಯಲ್ಲಿ ಫೋನಿಲ್ಲ.

ತುಮಕೂರಿನಲ್ಲಿ ಇಳಿದಾಗ ಕುಣಿಗಲ್ ಬಸ್ಸು ಸ್ಟ್ಯಾಂಡಿನಿಂದ ಹೊರಡುತ್ತಿತ್ತು. ಅಡ್ಡ ನಿಂತು ಕೈ ತೋರಿಸಿದೆ. ಡ್ರೈವರ್ ಬೈದರು. ಹತ್ತಿ ನೋಡಿದರೆ ಕೊನೆಯ ಸೀಟಿನಲ್ಲಿ ಸವಿತಾ.

"ಬೈಬೇಡಿ ಮಿಸ್. ನಮ್ಮಮ್ಮನೂ ಹೋದ್ಸಲ ನೋಡ್ದಾಗ ಆ ಚಿತ್ರದಲ್ಲಿರೋ ಹಂಗೇ ಆಗೋಗಿದ್ರು. ಈಗ ಇದಾರೋ ಇಲ್ವೋ ಅಂತಾನೂ ನಂಗ್ಯಾರೂ ಸರಿಯಾಗಿ ಹೇಳ್ತಿಲ್ಲ" ಎಂದಳು.

ಅವಳನ್ನು ಇಳಿಸಿ ವಾಪಸ್ ಕರೆತರಲು ಮನಸ್ಸಾಗಲಿಲ್ಲ. ಚಿಕ್ಕಮ್ಮನಿಗೂ ಹೆಡ್‌ಮಾಸ್ಟರಿಗೂ ತಿಳಿಸಿ ಪಕ್ಕದಲ್ಲೇ ಕೂತೆ.

ಕುಣಿಗಲ್‌ನ ಮನೆಯಲ್ಲಿ ಅವಳ ಅಮ್ಮ ಗೋಡೆಗೆ ಒರಗಿ ಕೂತಿದ್ದರು. ಮಗಳನ್ನು ಕಂಡವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಲ್ಲೇ ನಿಂತ್ಕೊ ಕಣೇ" ಎಂದರು. ಸವಿತಾ ಹೊಸ್ತಿಲಲ್ಲೇ ನಿಂತಳು. ಅವಳ ಅಜ್ಜಿ ಹೋಗಿ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆಯನ್ನು ಕರೆತಂದರು. ಮಾತ್ರೆ ಒಂದು ದಿನವೂ ತಪ್ಪಿಲ್ಲ, ಕಫದ ಪರೀಕ್ಷೆಯೂ ಚೆನ್ನಾಗಿ ಬಂದಿದೆ, ಇನ್ನು ಹರಡುವುದಿಲ್ಲ ಎಂದು ಡಾಕ್ಟರು ಹೋದ ವಾರವೇ ಹೇಳಿದ್ದಾರಲ್ಲ ಎಂದರು ಆಕೆ.

"ಹೇಳವ್ರೆ. ನಂಗೇ ಧೈರ್ಯ ಬರ್ಲಿಲ್ಲ" ಎಂದು ಅಮ್ಮ ಸೆರಗು ಬಿಟ್ಟರು. ಸವಿತಾ ಓಡಿಹೋಗಿ ತಬ್ಬಿಕೊಂಡಳು. ನಾನು ಹೊರಗೆ ಬಂದು ನಿಂತೆ.

ಆ ತಾಯಿ ಈಗ ಗುಣವಾಗಿದ್ದಾರೆ. ಮ್ಯೂಸಿಯಂ ಚಿತ್ರಗಳನ್ನು ನಾನು ಈಗಲೂ ತೋರಿಸುತ್ತೇನೆ. ಆದರೆ ಪ್ರಶ್ನೆ ಕೇಳಿದ ಮೇಲೆ, ಕೈ ಎತ್ತದ ಮಕ್ಕಳ ಮುಖವನ್ನು ಮೊದಲು ನೋಡುತ್ತೇನೆ.