ಸಣ್ಣ ದೇಶಗಳ ಹೊನ್ನಗಂಗಮ್ಮ ಮೇಡಂ

ಮಾಗಡಿಯಿಂದ ರಾಮನಗರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟಿನ ಜಗಳ ಹತ್ತಿಕೊಂಡರೆ ಕಂಡಕ್ಟರು ತಾನು ಬಾಯಿ ಹಾಕುತ್ತಿರಲಿಲ್ಲ. ಟಿಕೆಟ್ ಮಿಷನ್ನನ್ನು ಎದೆಗೆ ಒರಗಿಸಿಕೊಂಡು ಹಿಂದಕ್ಕೆ ತಿರುಗಿ, "ಮೇಡಮ್ಮೋರೆ, ಒಸಿ ಬತ್ತೀರಾ?" ಎಂದು ಕೂಗುತ್ತಿದ್ದ. ಆಗ ನಡುವಿನ ಸೀಟಿನಿಂದ ಒಬ್ಬ ಹೆಂಗಸು ಏಳುತ್ತಿದ್ದರು. ಗಿಡ್ಡ ಆಳು, ಗಂಜಿ ಹಾಕಿದ ಹತ್ತಿ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಹೆಗಲಲ್ಲಿ ಪುಸ್ತಕ ತುಂಬಿದ ಬಟ್ಟೆಚೀಲ. ತಿರುವುಗಳಲ್ಲಿ ಓಲಾಡುವ ಬಸ್ಸಿನಲ್ಲಿ ಕಂಬಿಯನ್ನೂ ಹಿಡಿಯದೆ ನೆಟ್ಟಗೆ ನಡೆದುಬಂದು ಜಗಳದವರ ಮುಂದೆ ನಿಲ್ಲುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಹಾಗೆಯೇ. ಕೆಂಪಾಪುರದಿಂದ ಮಾಗಡಿಗೆ ಬಂದು, ಅಲ್ಲಿಂದ ರಾಮನಗರದ ಕಾಲೇಜಿಗೆ ಹೋಗಲು ಶುರುಮಾಡಿದ ಹೊಸತು. ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿದ್ದಳು. ಆಕೆ ಒಳಗೆ ಬರುವಷ್ಟರಲ್ಲಿ ಒಬ್ಬ ಮುದುಕ ಟವೆಲ್ಲಿನ ಮೇಲೆಯೇ ಕೂತುಬಿಟ್ಟಿದ್ದ.

ಯಾರು ಮೊದಲು ಬಂದರೆಂದು ಮೇಡಂ ಕೇಳಲೇ ಇಲ್ಲ. "ಅಣ್ಣ, ನಿಂಗೆ ಕೂರಾಕೆ ಜಾಗ ಬೇಕೋ, ಈ ಸೀಟೇ ಬೇಕೋ?" ಎಂದರು.

"ಮಂಡಿ ನೋಯ್ತದೆ ಕಣವ್ವ. ಎಲ್ಲಾದ್ರೂ ಕೂತ್ರೆ ಸಾಕು."

"ನಿಂಗೇನವ್ವ ಬೇಕು?"

"ಮಗೀಗೆ ವಾಂತಿ ಆಯ್ತದೆ. ಕಿಟಕಿ ಬೇಕು."

ಮುದುಕನನ್ನು ತಮ್ಮ ಸೀಟಿನಲ್ಲಿ ಕೂರಿಸಿ, ತಾಯಿ ಮಗುವಿಗೆ ಕಿಟಕಿ ಕೊಡಿಸಿ, ತಾವು ರಾಮನಗರದವರೆಗೂ ನಿಂತೇ ಬಂದರು. ಹಿಂದಿನಿಂದ ಯಾರೋ, "ಜಗಳ ಬಿಡ್ಸಾಕೋಗಿ ಇದ್ದ ಸೀಟೂ ಕಳ್ಕೊಂಡ್ರಲ್ಲ ಮೇಡಂ" ಎಂದು ನಕ್ಕರು. ಮೇಡಂ ತಿರುಗಿಯೂ ನೋಡದೆ, "ಕಳ್ಕೊಂಡಿಲ್ಲಪ್ಪ. ನಾಳೆಯಿಂದ ನಂಗೆ ಸೀಟ್ ಹಿಡಿಯೋರು ಇಬ್ರು ಹೆಚ್ಚಾದ್ರು" ಎಂದರು.

ಅದೇ ದಿನ ಮಧ್ಯಾಹ್ನ ಆ ಹೆಂಗಸು ನಮ್ಮ ತರಗತಿಗೆ ಬಂದಾಗ ನಾನು ಬೆಂಚಿನಿಂದ ಅರ್ಧ ಎದ್ದುನಿಂತೆ. ಅವರು ರಾಜ್ಯಶಾಸ್ತ್ರದ ಹೊನ್ನಗಂಗಮ್ಮ. ಅಂತರರಾಷ್ಟ್ರೀಯ ಸಂಬಂಧಗಳು ಎಂಬ, ನಾವೆಲ್ಲ ಹೆದರುತ್ತಿದ್ದ ಪೇಪರನ್ನು ತೆಗೆದುಕೊಳ್ಳುತ್ತಿದ್ದವರು. ಯುದ್ಧ, ಒಪ್ಪಂದ, ಗಡಿ, ಬಂದರು ಎಲ್ಲವನ್ನೂ ಅವರು ಬಿಡಿಸಿ ಹೇಳುತ್ತಿದ್ದರೆ ಪಕ್ಕದ ಕೇರಿಯ ಸುದ್ದಿ ಕೇಳಿದ ಹಾಗಿರುತ್ತಿತ್ತು. "ದೇಶ ದೇಶ ಅಂತ ಹೆದರ್ಕೋಬೇಡಿ. ದೇಶಕ್ಕೂ ಅಕ್ಕಪಕ್ಕದೋರು ಅಂತ ಇರ್ತಾರೆ. ಮನೆಯಾದ್ರೆ ಖಾಲಿ ಮಾಡ್ಕೊಂಡು ಹೋಗ್ಬೋದು, ದೇಶ ಹೋಗಕಾಗಲ್ಲ. ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದರು.

ಅವರದು ಸೋಲೂರಿನ ಹತ್ತಿರದ ಹಳ್ಳಿ. ಕುರಿ ಸಾಕುವ ಮನೆತನ, ತುಂಡು ಭೂಮಿಯೂ ಇಲ್ಲ. ಸುಗ್ಗಿ ಮುಗಿದ ಮೇಲೆ ಅವರಪ್ಪ ಮಂದೆ ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ರೈತರ ಖಾಲಿ ಹೊಲಗಳಲ್ಲಿ ರಾತ್ರಿ ಮಂದೆ ತಂಗಿಸಿದರೆ ಹೊಲಕ್ಕೆ ಗೊಬ್ಬರ, ಕುರುಬರಿಗೆ ಊಟ ಮತ್ತು ರಾಗಿ. ಬುತ್ತಿ ಹೊತ್ತುಕೊಂಡು ಹೋಗುತ್ತಿದ್ದ ಮಗಳು ಬದುವಿನ ಮೇಲೆ ಕೂತು ಆ ಚೌಕಾಸಿ ಕೇಳುತ್ತಿದ್ದಳು. "ನಮ್ತಾವ ಭೂಮಿ ಇರ್ಲಿಲ್ಲ ಕಣಮ್ಮ. ಆದ್ರೆ ಭೂಮಿ ಇದ್ದೋರಿಗೆ ನಮ್ ಕುರಿ ಹಿಕ್ಕೆ ಬೇಕಾಗಿತ್ತು. ತನ್ನಿಂದ ಎದುರಿನೋರಿಗೆ ಏನಾಗ್ಬೇಕು ಅಂತ ಗೊತ್ತಿದ್ದೋನು ಯಾರ ಮುಂದೂ ಕೈಕಟ್ಟಿ ನಿಲ್ಲಾಕಿಲ್ಲ" ಎಂದು ಒಮ್ಮೆ ನನಗೆ ಹೇಳಿದ್ದರು.

ಆ ಮನೆಯಿಂದ ಸೋಲೂರಿನ ಶಾಲೆ, ಮಾಗಡಿಯ ಕಾಲೇಜು, ಮೈಸೂರಿನಲ್ಲಿ ಎಂ.ಎ. ಆಮೇಲೆ ರಾಮನಗರದಲ್ಲಿ ಪಾಠ. ಮದುವೆಯ ಮಾತೆತ್ತಿದವರಿಗೆಲ್ಲ "ಮಾತುಕತೆ ನಡೀತಾ ಐತೆ" ಎಂದು ನಕ್ಕು ಕಳಿಸುತ್ತಿದ್ದರು. ಆ ಮಾತುಕತೆ ಕೊನೆಗೂ ಮುಗಿಯಲಿಲ್ಲ. ಜೊತೆಯ ಲೆಕ್ಚರರುಗಳು ಸೈಟು ನೋಡುವ ವಯಸ್ಸಿನಲ್ಲಿ, ಕೂದಲು ನರೆಯತೊಡಗಿದ್ದಾಗ, ರಜೆ ಹಾಕಿ ಪಿಎಚ್.ಡಿ.ಗೆಂದು ದೆಹಲಿಗೆ ಹೊರಟುಬಿಟ್ಟರು.

ಅಲ್ಲಿ ಮೊದಲ ಗೈಡು ಒಬ್ಬ ಹೆಸರಾಂತ ಪ್ರೊಫೆಸರು. ಮೇಡಂ ಆರಿಸಿಕೊಂಡಿದ್ದು, ಸಮುದ್ರವೇ ಇಲ್ಲದ ಸಣ್ಣ ದೇಶವೊಂದು ತನ್ನ ದೊಡ್ಡ ನೆರೆಯ ದೇಶದ ಜೊತೆ ಹೇಗೆ ವ್ಯವಹರಿಸುತ್ತದೆ ಎಂಬ ವಿಷಯ. ಆ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮಾತುಕತೆಗೆ ಕೂರುವ ದೇಶದ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು ಎಂಬುದು ಮೇಡಂ ಕಟ್ಟಳೆ. ಪ್ರೊಫೆಸರು ಒಂದು ಪುಟ ಓದಿ, "ಸಣ್ಣ ದೇಶಗಳಿಗೆ ವಿದೇಶಾಂಗ ನೀತಿ ಎಲ್ಲಿರುತ್ತದೆ? ದೊಡ್ಡವರು ಹೇಳಿದ್ದನ್ನು ಕೇಳಿಕೊಂಡಿರುತ್ತವೆ. ಬೇರೆ ವಿಷಯ ತನ್ನಿ" ಎಂದರಂತೆ. "ಹಾಗಾದರೆ ಅವು ಇನ್ನೂ ಬದುಕಿರುವುದು ಹೇಗೆ ಸರ್?" ಎಂದು ಇವರು ಕೇಳಿದ್ದೇ ತಪ್ಪಾಯಿತು. ಪ್ರೊಫೆಸರು ಕೈಬಿಟ್ಟರು. ಮೇಡಂ ಗೈಡಿಲ್ಲದೆ ಒಂದು ಚಳಿಗಾಲವಿಡೀ ಲೈಬ್ರರಿಯಲ್ಲಿ ಕಳೆದರು. ಊರಿಗೆ ಬಂದಾಗ ಇಳಿದುಹೋಗಿದ್ದರು. "ವಾಪಸ್ ಬಂದ್ಬುಡಿ ಮೇಡಂ" ಎಂದೆ. "ಬರೋದಾದ್ರೆ ಗೆದ್ದು ಬತ್ತೀನಿ ಕಣೆ ಭಾಗ್ಯ. ಸೋತು ಬರೋಕೆ ಟ್ರೈನ್ ಚಾರ್ಜು ದಂಡ" ಎಂದರು. ಕೊನೆಗೆ, ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹಿರಿಯ ಪ್ರಾಧ್ಯಾಪಕಿ ಇವರನ್ನು ಕರೆದು ತಮ್ಮ ಕೈಕೆಳಗೆ ಸೇರಿಸಿಕೊಂಡರು.

ಅಲ್ಲಿಂದ ಮುಂದೆ ಹೊನ್ನಗಂಗಮ್ಮನವರನ್ನು ಹಿಡಿಯುವವರಿರಲಿಲ್ಲ. ಆ ಸಣ್ಣ ದೇಶದಲ್ಲಿ ತಿಂಗಳುಗಟ್ಟಲೆ ಇದ್ದರು. ಲಾರಿ ಡ್ರೈವರುಗಳ ಪಕ್ಕ ಕೂತು ಗಡಿಯವರೆಗೆ ಹೋದರು. ಹಳೆಯ ಮಂತ್ರಿಗಳ ಮನೆ ಹೊಕ್ಕು ಅವರ ಹೆಂಡತಿಯರಿಂದ ಅಡುಗೆ ಕಲಿತು, ಗಂಡಂದಿರಿಂದ ಹಳೆಯ ಒಪ್ಪಂದಗಳ ಒಳಗುಟ್ಟು ಕೇಳಿಕೊಂಡರು.

ಪ್ರಬಂಧದ ಮೌಖಿಕ ಪರೀಕ್ಷೆಗೆ ನನ್ನನ್ನೂ ಕರೆದುಕೊಂಡು ಹೋದರು. ನಾನಾಗ ಬೆಂಗಳೂರಿನಲ್ಲಿ ಎಂ.ಎ. ಓದುತ್ತಿದ್ದೆ. "ಬಾರೆ. ಗೆದ್ರೂ ಸೋತ್ರೂ ನೋಡಾಕೆ ನಮ್ ಕಡೆಯೋರು ಒಬ್ರು ಬೇಕು" ಎಂದಿದ್ದರು. ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು, ಅವರನ್ನು ಕೈಬಿಟ್ಟ ಪ್ರೊಫೆಸರೂ ಇದ್ದರು. ಮೇಡಂ ಅವರ ಇಂಗ್ಲಿಷಿನಲ್ಲಿ ಸೋಲೂರಿನ ರಾಗ ಕೇಳಿ ಹಿಂದೆ ಯಾರೋ ಕಿಸಕ್ಕೆಂದರು.

ಪರೀಕ್ಷಕರಾಗಿ ಬಂದಿದ್ದವರು ಒಬ್ಬ ನಿವೃತ್ತ ರಾಯಭಾರಿ. ಅವರು ಪ್ರಬಂಧ ಮುಚ್ಚಿಟ್ಟು ಕೇಳಿದರು: "ಒಂದೇ ಪ್ರಶ್ನೆ. ಈ ದೇಶಕ್ಕೆ ಉಪ್ಪು ಬರಬೇಕಾದರೂ ದೊಡ್ಡ ನೆರೆಯವನ ರಸ್ತೆಯಲ್ಲೇ ಬರಬೇಕು. ಅವನು ಗೇಟು ಹಾಕಿದ ದಿನ ಇವರ ಕೈಯಲ್ಲಿ ಏನಿರುತ್ತದೆ?"

ಮೇಡಂ ಒಂದು ಗುಟುಕು ನೀರು ಕುಡಿದರು. ಆಮೇಲೆ ತಮ್ಮಪ್ಪನ ಕುರಿಮಂದೆಯ ಕಥೆ ಹೇಳಿದರು. ದೆಹಲಿಯ ಆ ಸಭೆಯಲ್ಲಿ ಹಿಕ್ಕೆ, ಗೊಬ್ಬರ, ರಾಗಿ ಎಲ್ಲ ಬಂದವು. ಯಾರೂ ನಗಲಿಲ್ಲ. ಕಥೆಯಿಂದ ನೇರವಾಗಿ ಗಡಿಗೆ ಹೋದರು. ಹಿಂದೊಮ್ಮೆ ಗೇಟು ಮುಚ್ಚಿದಾಗ ಅದನ್ನು ತೆರೆಸಿದ್ದು ಸಣ್ಣ ದೇಶದ ಮನವಿಯಲ್ಲ; ದೊಡ್ಡ ದೇಶದ್ದೇ ಆದ ಗಡಿಪಟ್ಟಣಗಳ ವ್ಯಾಪಾರಿಗಳು, ಲಾರಿ ಮಾಲೀಕರು, ಹೋಟೆಲಿನವರು. ವ್ಯಾಪಾರ ನಿಂತು ಕಂಗಾಲಾದ ಅವರೇ ತಮ್ಮ ರಾಜಧಾನಿಗೆ ಹೋಗಿ ಗಲಾಟೆ ಮಾಡಿದರು. ಅವರ ಜೊತೆ ಸಣ್ಣ ದೇಶ ಬಹಳ ವರ್ಷಗಳಿಂದ ಸ್ನೇಹ ಬೆಳೆಸಿಕೊಂಡು ಬಂದಿತ್ತು. ಇದಕ್ಕೆಲ್ಲ ಯಾರ ಮಾತು, ಯಾವ ಕಡತ ಆಧಾರವೆಂದು ಒಂದೊಂದಾಗಿ ಹೇಳಿ, "ಸಣ್ಣವನು ದೊಡ್ಡವನ ಬಾಗಿಲು ತಟ್ಟುವುದಿಲ್ಲ ಸರ್. ಆ ಮನೆಯೊಳಗೆ ತನ್ನಿಂದ ಉಪಯೋಗವಿರುವವರು ಯಾರೆಂದು ತಿಳಿದುಕೊಂಡು ಅವರಿಂದ ಬಾಗಿಲು ತೆಗೆಸುತ್ತಾನೆ" ಎಂದು ಮುಗಿಸಿದರು.

ರಾಯಭಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂಥದೇ ಒಂದು ಗೇಟು ಹಾಕಿಸಿದವರ ಸಾಲಿನಲ್ಲಿ ನಾನೂ ಇದ್ದೆ" ಎಂದರು. "ಅದನ್ನು ತೆಗೆಯಿರೆಂದು ನಮ್ಮನ್ನು ಹಿಂದಿನಿಂದ ತಳ್ಳುತ್ತಿದ್ದವರು ಯಾರೆಂದು ಇವತ್ತು ಗೊತ್ತಾಯಿತು, ಡಾಕ್ಟರ್ ಹೊನ್ನಗಂಗಮ್ಮ."

ಡಾಕ್ಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಇಡೀ ಸಭಾಂಗಣ ಚಪ್ಪಾಳೆ ಹೊಡೆಯಿತು. ನನಗೆ ಅಳು ಬಂತು. ಆ ಹಳೆಯ ಪ್ರೊಫೆಸರು ಎದ್ದುಬಂದು ಕೈಕುಲುಕಿದರು. ಮೇಡಂ ಒಂದು ಚುಚ್ಚುಮಾತಾದರೂ ಆಡುತ್ತಾರೆಂದು ನಾನು ಕಾದಿದ್ದೆ. ಅವರು ನನ್ನ ರಟ್ಟೆ ಹಿಡಿದು ಮುಂದೆ ನೂಕಿ, "ಇವಳು ನನ್ನ ವಿದ್ಯಾರ್ಥಿನಿ ಸರ್. ಮುಂದೆ ಇಲ್ಲಿಗೆ ಬಂದರೆ ಲೈಬ್ರರಿಯಲ್ಲಿ ಓದೋಕೆ ನೀವು ಅನುಕೂಲ ಮಾಡಿಕೊಡಬೇಕು" ಎಂದರು. ಆ ಗಳಿಗೆಯಲ್ಲಿ ಪ್ರೊಫೆಸರು ಇಲ್ಲವೆನ್ನುವ ಹಾಗಿರಲಿಲ್ಲ. ಹೊರಗೆ ಬಂದದ್ದೇ ತಡ, ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲುಗಳನ್ನು ಚಿಕ್ಕ ಹುಡುಗಿಯ ಹಾಗೆ ಹಾರಿಹಾರಿ ಇಳಿದರು. "ಗೆದ್ಬುಟ್ವಿ ಕಣೇ!" ಎಂದು ಅವರು ಕೂಗಿದ್ದಕ್ಕೆ ಗಿಡದ ಮೇಲಿನ ಗಿಳಿಗಳೆಲ್ಲ ಎದ್ದವು.

ಪ್ರಬಂಧ ಪುಸ್ತಕವಾಗುವಾಗ ಹೊರದೇಶದ ಪ್ರಕಾಶಕರು, ಹೆಸರು ಉದ್ದವಾಯಿತು, ಹೆಚ್. ಗಂಗಾ ಎಂದು ಹಾಕೋಣವೇ ಎಂದು ಕೇಳಿದ್ದರು. "ಅವರ ಕಡೆಯ ಮಂತ್ರಿಗಳ ಹೆಸರನ್ನೆಲ್ಲ ನಾವು ಬಾಯಿಪಾಠ ಮಾಡಿಲ್ವಾ? ನಮ್ದು ಒಂದನ್ನ ಅವ್ರು ಕಲೀಲಿ" ಎಂದು ಮೇಡಂ ಹಟ ಹಿಡಿದರು. ಮುಖಪುಟದ ಮೇಲೆ ಹೊನ್ನಗಂಗಮ್ಮ ಎಂದೇ ಬಂತು. ಆಮೇಲೆ ದೇಶವಿದೇಶಗಳ ಸಭೆಗಳಲ್ಲಿ ಜನ ನಾಲಿಗೆ ತೊಡರಿಸಿಕೊಂಡು ಆ ಹೆಸರನ್ನು ಕರೆಯುತ್ತಿದ್ದರಂತೆ. ಇವರು ತಪ್ಪು ತಿದ್ದಿ, ಇನ್ನೊಮ್ಮೆ ಹೇಳಿಸಿ, ಆಮೇಲೆ ಮಾತು ಶುರುಮಾಡುತ್ತಿದ್ದರು.

ಆ ಪುಸ್ತಕ ಓದಿದ ಸಣ್ಣ ದೇಶದವರು ತಮ್ಮ ವಿದೇಶಾಂಗ ಇಲಾಖೆಗೆ ಹೊಸದಾಗಿ ಸೇರಿದ ತರುಣ ತರುಣಿಯರನ್ನು ತರಬೇತಿಗೆಂದು, ರಾಮನಗರದ ಕಾಲೇಜಿಗೆ ಮರಳಿದ್ದ ಇವರ ಬಳಿಗೆ ಕಳಿಸಿದರು. ಮೇಡಂ ಅವರನ್ನು ವ್ಯಾನಿನಲ್ಲಿ ತುಂಬಿಕೊಂಡು ನೇರವಾಗಿ ಸೋಲೂರಿಗೆ ಹೊರಟರು. ಅಪ್ಪ ತೀರಿಕೊಂಡ ಮೇಲೆ ಮಂದೆ ನೋಡಿಕೊಳ್ಳುತ್ತಿದ್ದವನು ತಮ್ಮ ಈರಣ್ಣ. ಅವನು ಅವತ್ತು ರಂಗಸ್ವಾಮಿ ಎಂಬ ದೊಡ್ಡ ರೈತನ ಹೊಲದಲ್ಲಿ ಮಂದೆ ತಂಗಿಸುವ ಮಾತಿಗೆ ಕೂತಿದ್ದ. ಅತಿಥಿಗಳು ಬದುವಿನ ಮೇಲೆ ಸಾಲಾಗಿ ಕೂತು ಮೊಬೈಲ್ ಎತ್ತಿ ಹಿಡಿದರು.

"ಊಟ ನಮ್ಮನೇದು. ರಾಗಿ ವಿಚಾರ ಆಮೇಲೆ ನೋಡಾನ ಕಣ್ಲಾ ಈರಣ್ಣ" ಎಂದ ರಂಗಸ್ವಾಮಿ.

ಬೇರೆ ದಿನವಾಗಿದ್ದರೆ ಈರಣ್ಣ ಎದ್ದು ಮಂದೆ ತಿರುಗಿಸುತ್ತಿದ್ದ. ಅವತ್ತು ಮೀಸೆ ತೀಡಿಕೊಂಡು ಮೊಬೈಲುಗಳ ಕಡೆ ನೋಡಿ, "ಆಯ್ತು ಬುಡಣ್ಣ, ರಾಗಿ ಏನ್ ದೊಡ್ಡದು! ನಮ್ಮೂರ್ಗೆ ಬಂದೋರ ಮುಂದೆ!" ಎಂದುಬಿಟ್ಟ.

"ಲೇ ಈರ, ಕೆಟ್ಟಲ್ಲೋ!" ಎಂದು ಮೇಡಂ ತಲೆ ಮೇಲೆ ಕೈ ಹೊತ್ತರು. ಆಮೇಲೆ ನಗು ತಡೆಯಲಾಗದೆ ಅತಿಥಿಗಳಿಗೆ ಬಿಡಿಸಿ ಹೇಳಿದರು. "ನಾಲ್ಕು ಜನ ನೋಡುವಾಗ ಮಾತಿಗೆ ಕೂತರೆ ಮನುಷ್ಯ ತನಗೆ ಬೇಕಾದ್ದನ್ನು ಮರೆತು ದೊಡ್ಡಸ್ತಿಕೆ ತೋರಿಸೋಕೆ ಹೋಗ್ತಾನೆ. ಮಾತುಕತೆ ಒಳಗಿರಲಿ, ಕ್ಯಾಮೆರಾ ಹೊರಗಿರಲಿ." ಉದ್ದ ಜಡೆಯ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಮೊಬೈಲ್ ಕೆಳಗಿಟ್ಟಳು. ಉಳಿದವರೂ ಇಟ್ಟರು. ಮಾರನೆಯ ದಿನ ರಂಗಸ್ವಾಮಿಗೇ ನಾಚಿಕೆಯಾಗಿ ರಾಗಿ ಮೂಟೆ ಕಳಿಸಿದನಂತೆ.

ಮೇಡಂ ನಿವೃತ್ತರಾದ ವರ್ಷವೇ ಆ ದೇಶದವರು ತಮ್ಮಲ್ಲೇ ಬಂದಿದ್ದು ಪಾಠ ಮಾಡಬೇಕೆಂದು ಕರೆದರು. "ಈ ವಯಸ್ಸಲ್ಲಿ ಯಾಕಕ್ಕ?" ಎಂದ ಈರಣ್ಣನಿಗೆ, "ಇಷ್ಟ್ ದಿನ ಅವ್ರ ವಿಚಾರ ಬರ್ದೆ. ಈಗ ಅವ್ರು ಗೆಲ್ಲೋದನ್ನ ಕಣ್ಣಾರೆ ನೋಡ್ಬೇಕು" ಎಂದರು. ಹೊರಡುವ ಬೆಳಿಗ್ಗೆ ಕನಕಪುರದಿಂದ ರಾಮನಗರಕ್ಕೆ ಓಡಿದೆ. ನಾನಾಗ ಕನಕಪುರದಲ್ಲಿ ಅವರದೇ ಪೇಪರನ್ನು ಪಾಠ ಮಾಡುತ್ತಿದ್ದೆ. ಬೆಟ್ಟದ ಬಂಡೆಗಳ ಮೇಲೆ ಎಳೆ ಬಿಸಿಲು ಬಿದ್ದಿತ್ತು. ಕಾರಿಗೆ ಹತ್ತುವ ಮುನ್ನ ನನ್ನ ಕೆನ್ನೆ ಹಿಂಡಿ, "ಹುಡುಗ್ರನ್ನ ಹೆದರಿಸ್ಬೇಡ, ವಾದ ಮಾಡಕ್ಕೆ ಬುಡು" ಎಂದರು. ಎದುರಾಬದುರು ಕಂಡದ್ದು ಅದೇ ಕೊನೆ. ಅವರ ಕ್ಲಾಸು ಈಗಲೂ ಅಲ್ಲಿ ನಡೆಯುತ್ತಿದೆ. ಅವರು ಮರಳಿ ಬರುವ ಸೂಚನೆಯಿಲ್ಲ.

ಹೋದ ವರ್ಷ ಆ ಸಣ್ಣ ದೇಶ ತನ್ನ ದೊಡ್ಡ ನೆರೆಯವನೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದರ ಲಾರಿಗಳು ಇನ್ನು ಯಾರ ಗೇಟಿಗೂ ಕಾಯದೆ ಬಂದರಿನವರೆಗೆ ಹೋಗಬಹುದು. ಮಾತುಕತೆಯ ತಂಡಕ್ಕೆ ಮುಖ್ಯಸ್ಥೆಯಾಗಿದ್ದವಳು ಸೋಲೂರಿನ ಬದುವಿನ ಮೇಲೆ ಕೂತಿದ್ದ ಆ ಉದ್ದ ಜಡೆಯ ಹುಡುಗಿ. ಸಹಿಯಾಗುವವರೆಗೆ ಪತ್ರಿಕೆಯವರಿಗೆ ಒಂದು ಮಾತೂ ಸಿಕ್ಕಿರಲಿಲ್ಲ.

ಮೊದಲ ಲಾರಿಗಳು ಬಂದರು ಮುಟ್ಟುವ ದಿನ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ. ವಿಡಿಯೋ ಕಾಲ್ ಬಂತು. ಲಾರಿಯ ಕ್ಯಾಬಿನ್ನು, ಹೂವಿನ ಸರ, ನಗುತ್ತಿರುವ ಡ್ರೈವರು. ಅವನ ಪಕ್ಕದಲ್ಲಿ ಕೊರಳಿಗೆ ಹಾರ ಹಾಕಿಸಿಕೊಂಡು ಕೂತಿರುವ ನಮ್ಮ ಮೇಡಂ.

"ಕಾಣ್ತದೇನೇ ಭಾಗ್ಯ?"

"ಏನು ಮೇಡಂ?"

"ಮುಂದೆ ನೋಡೆ, ಮುಂದೆ! ಸಮುದ್ರ!"

ಫೋನು ತಿರುಗಿತು. ಗಾಜಿನಾಚೆ ರಸ್ತೆ ಮುಗಿಯುವಲ್ಲಿ ನೀಲಿ ಗೆರೆ ಮಿರಮಿರ ಮಿಂಚುತ್ತಿತ್ತು. ಹಿಂದಿನ ಲಾರಿಗಳೆಲ್ಲ ಒಟ್ಟಿಗೆ ಹಾರನ್ ಬಾರಿಸತೊಡಗಿದವು. ಡ್ರೈವರು ಗಾಡಿ ನಿಲ್ಲಿಸಿ ಅವಸರದಿಂದ ಬಾಗಿಲು ತೆಗೆದ. "ಇವ್ನು ಹುಟ್ಟಿದಾಗಿಂದ ಸಮುದ್ರ ಕಂಡಿಲ್ವಂತೆ ಕಣೆ. ತಾಳು, ನಾನೂ ಇಳೀತೀನಿ" ಎಂದು ಮೇಡಂ ಫೋನನ್ನು ಗಾಜಿಗೆ ಒರಗಿಸಿಟ್ಟು ಇಳಿದೇಬಿಟ್ಟರು. ಕಾಲ್ ಕಟ್ ಮಾಡಲು ಮರೆತಿದ್ದರು. ನಾನೂ ಮಾಡಲಿಲ್ಲ. ಗಾಜಿನಾಚೆ ಲಾರಿಯವರೆಲ್ಲ ನೀರಿನ ಕಡೆಗೆ ಓಡುತ್ತಿದ್ದರು. ಅವರ ನಡುವೆ, ಎರಡೂ ಕೈಯಲ್ಲಿ ಸೀರೆ ಎತ್ತಿ ಹಿಡಿದುಕೊಂಡು, ಎಲ್ಲರಿಗಿಂತ ಗಿಡ್ಡವಾದ ಒಂದು ಜೀವ ಎಲ್ಲರಿಗಿಂತ ಮುಂದೆ ಓಡುತ್ತಿತ್ತು.