ಸೀಟಿನ ಕೆಳಗಿನ ಸ್ವಿಚ್ಚು

ಸೇಡು ಒಳ್ಳೆಯದಲ್ಲ ಎಂದು ನನಗೆ ಬುದ್ಧಿ ಹೇಳಿದವರು ಯಾರೂ ಹೊಸ ಪಂಚೆ ಉಟ್ಟು ಪರಿಚಯದವರೆಲ್ಲರ ಎದುರಿಗೆ ಕಾರು ತಳ್ಳಿದವರಲ್ಲ. ನಾನು ತಳ್ಳಿದ್ದೇನೆ. ಹಾಗಾಗಿ ಈ ಒಂದು ವಿಷಯದಲ್ಲಿ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಾರು ಇಬ್ಬರದು, ನನ್ನದು ಮತ್ತು ನನ್ನ ಗೆಳೆಯನದು. ಇಬ್ಬರೂ ಬಾಗಲಕೋಟೆ ಕಡೆಯವರು, ಒಂದೇ ಕಾಲೇಜಿನಲ್ಲಿ ಓದಿದವರು. ಅವನು ಮೆಕ್ಯಾನಿಕಲ್, ನಾನು ಎಲೆಕ್ಟ್ರಿಕಲ್. ಸಿಂಗಪುರಕ್ಕೆ ಬಂದ ಮೇಲೆ ಅವನು ಬಿಶಾನ್‌ನಲ್ಲಿ ಕಾಂಡೋ ಹಿಡಿದ, ನಾನು ಜುರಾಂಗ್ ಈಸ್ಟ್‌ನಲ್ಲಿ ಫ್ಲ್ಯಾಟು. ನಲವತ್ತು ದಾಟಿದ ಗಂಡಸರಿಗೆ ಹಿಡಿಯುವ ಹುಚ್ಚುಗಳು ಹಲವು. ನಮಗೆ ಹಿಡಿದದ್ದು ಕಿಟ್ ಕಾರಿನ ಹುಚ್ಚು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬರುತ್ತವೆ, ಹಳೆಯ ಇಂಜಿನ್ ಒಂದನ್ನು ನಾವೇ ಹುಡುಕಿಕೊಳ್ಳಬೇಕು, ಎಲ್ಲವನ್ನೂ ನಮ್ಮ ಕೈಯಿಂದಲೇ ಜೋಡಿಸಬೇಕು. ಜುರಾಂಗ್ ವೆಸ್ಟ್‌ನ ಆಚೆ ಒಂದು ಕೈಗಾರಿಕಾ ಕಟ್ಟಡದಲ್ಲಿ ಇದಕ್ಕೆಂದೇ ಒಂದಿಷ್ಟು ಜಾಗ ಬಾಡಿಗೆಗೆ ತೆಗೆದುಕೊಂಡೆವು. ಆ ಕಾರಿಗೆ ಛಾವಣಿ ಇಲ್ಲ, ಬಾಗಿಲಿಲ್ಲ, ರಸ್ತೆಗಿಳಿಸುವ ಪರವಾನಗಿಯೂ ಇಲ್ಲ. ಭಾನುವಾರ ಕಟ್ಟಡದ ಒಳಗೆ ಲಾರಿಗಳಿಗಾಗಿ ಮಾಡಿದ ದಾರಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಿಸಿದರೆ ಅದೇ ನಮಗೆ ದೊಡ್ಡ ಸಂಭ್ರಮ.

ಕೆಲಸ ಹಂಚಿಕೊಂಡಿದ್ದೆವು. ಇಂಜಿನ್, ಗೇರ್‌ಬಾಕ್ಸ್, ಸ್ಟಾರ್ಟರ್ ಅವನದು, ವೈರಿಂಗ್ ನನ್ನದು. ನಾನು ತಂಗಿಯ ಮದುವೆಗೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಅವನು ಪರಿಚಯದವರ ಗ್ಯಾರೇಜಿನಿಂದ ಇಂಜಿನ್ ತಿರುಗಿಸಿ ಚಾಲೂ ಮಾಡುವ ಒಂದು ಸ್ಟಾರ್ಟರ್ ಮೋಟರ್ ತಂದು ಒಬ್ಬನೇ ಕೂರಿಸಿಬಿಟ್ಟಿದ್ದ. ನಾನು ಬಂದು ವೈರು ಜೋಡಿಸಿದೆ. ಮೊದಲ ಕೆಲವು ಸಲ ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು. ಆಮೇಲೆ ಗುಂಡಿ ಒತ್ತಿದರೆ ‘ಟಕ್’ ಎಂದು ಸುಮ್ಮನಾಗತೊಡಗಿತು. ಬ್ಯಾಟರಿ ಬದಲಿಸಿದೆ, ದಪ್ಪ ಕೇಬಲ್ ಹಾಕಿದೆ, ಸ್ಟಾರ್ಟರಿಗೆ ಕರೆಂಟ್ ಬಿಡುವ ರಿಲೇ ಬದಲಿಸಿದೆ. ಟಕ್ ಹೋಗಲಿಲ್ಲ. ಸ್ಟಾರ್ಟರನ್ನೊಮ್ಮೆ ಬಿಚ್ಚಿ ನೋಡೋಣ ಎಂದರೆ ಅವನು ಮೂಗು ಮುರಿಯುತ್ತಿದ್ದ.

ಆ ವರ್ಷದ ಆಯುಧ ಪೂಜೆಗೆ ಪರಿಚಯದ ಕನ್ನಡದವರನ್ನೆಲ್ಲ ಅವನೇ ಕರೆದ. ಬಾನೆಟ್ಟಿಗೆ ವಿಭೂತಿ, ಮೂತಿಗೆ ಚೆಂಡು ಹೂವಿನ ಹಾರ, ನಾಲ್ಕು ಚಕ್ರಗಳ ಕೆಳಗೆ ನಿಂಬೆಹಣ್ಣು. ಗಾಡಿ ಸ್ಟಾರ್ಟ್ ಮಾಡಿ ನಿಂಬೆಹಣ್ಣಿನ ಮೇಲೆ ಹಾಯಿಸಬೇಕು. ಅವನು ರೇಷ್ಮೆ ಶಲ್ಯ ಹೊದ್ದು ಡ್ರೈವರ್ ಸೀಟಿನಲ್ಲಿ ಕೂತು ಗುಂಡಿ ಒತ್ತಿದ. ಟಕ್. ಇನ್ನೊಮ್ಮೆ ಒತ್ತಿದ. ಟಕ್. ಜನ ಗುಸುಗುಸು ಶುರು ಮಾಡಿದರು. ಅವನು ಸೀಟಿನ ಮೇಲೆಯೇ ಎದ್ದು ನಿಂತ. ನಾವಿಬ್ಬರೇ ಇದ್ದಾಗ ಆಡುವ ಮಾತು ಬೇರೆ, ನಾಲ್ಕು ಜನರ ನಡುವೆ ಅವನದು ಅಪ್ಪಟ ಬೆಂಗಳೂರು.

“ಇಂಜಿನ್ ಪರ್ಫೆಕ್ಟ್ ಇದೆ. ವೈರಿಂಗ್ ಮಾತ್ರ ನಮ್ಮ ಸಾಹೇಬ್ರದ್ದು. ಎಲೆಕ್ಟ್ರಿಕಲ್ ಇಂಜಿನಿಯರ್ ಅಂತೆ. ಬನ್ನಿ ಸರ್, ತಳ್ಳಿ.”

ಎಲ್ಲರೂ ನಕ್ಕರು. ನಾನು ತಳ್ಳಿದೆ. ಪಂಚೆ ಕಾಲಿಗೆ ಸಿಕ್ಕಿತು, ಒಂದು ಕೈಯಿಂದ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ತಳ್ಳಿದೆ. ನಿಂಬೆಹಣ್ಣು ಪಿಚಕ್ಕೆಂದವು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ಚಾಲೂ ಆಯಿತು, ಅವನು ಕೈ ಬೀಸುತ್ತ ಹೊರಟ. ಹೊಗೆ ನನ್ನ ಮುಖಕ್ಕೆ ಬಂತು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಫೋನ್ ಹಿಡಿದು ನಿಂತಿದ್ದಳು. “ಅಪ್ಪಾ, ಸೋ ಎಂಬ್ಯಾರಸಿಂಗ್ ಲಾ,” ಎಂದಳು ಸಿಂಗಪುರದ ಧಾಟಿಯಲ್ಲಿ. ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಸೆರಗಿನ ಹಿಂದೆ ನಗು ಇದ್ದದ್ದು ನನಗೆ ಕಾಣದೇ ಇರಲಿಲ್ಲ.

ವಿಡಿಯೋ ಸಂಜೆಯೊಳಗೆ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಹೋಯಿತು. ನನಗೆ ‘ವೈರಿಂಗ್ ಸಾಹೇಬ್ರು’ ಎಂಬ ಹೆಸರು ಬಿತ್ತು. ದೀಪಾವಳಿಗೆ ಒಬ್ಬರ ಮನೆಯಲ್ಲಿ ದೀಪದ ಸರ ಕಟ್ಟಲು ಹೋದರೆ, “ಬೇಡ ಸರ್, ನೀವು ಕಟ್ಟಿದ್ರೆ ಆಮೇಲೆ ಮನೆ ತಳ್ಳಬೇಕಾಗುತ್ತೆ,” ಎಂದರು. ಹೊಟ್ಟೆಪಾಡೇ ವೈರಿನ ಕೆಲಸವಾಗಿರುವ ನನಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಪೂಜೆಯ ಮರುದಿನ ಬನ್ನಿ ಕೊಡುವಾಗ ಹಳೆಯದನ್ನೆಲ್ಲ ಮರೆಯಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಅವನು ನಗುನಗುತ್ತ ಬನ್ನಿ ಕೊಟ್ಟ. ನಾನು ಬನ್ನಿ ತೆಗೆದುಕೊಂಡೆ, ಮರೆಯಲಿಲ್ಲ.

ಹೊಸ ವರ್ಷದಲ್ಲಿ ಅವನು ಕೆಲಸದ ಮೇಲೆ ಜಕಾರ್ತಾಕ್ಕೆ ಹೋದ. ನಾನು ಇಂಜಿನ್ನಿನ ನಂಬರು ಕೊಟ್ಟು ಸರಿಯಾದ ಸ್ಟಾರ್ಟರ್ ತರಿಸಿದೆ, ರಜೆ ಹಾಕಿದೆ, ಯಾರಿಗೂ ಹೇಳದೆ ನಮ್ಮ ಬಾಡಿಗೆ ಶೆಡ್ಡಿಗೆ ಹೋದೆ. ಬ್ಯಾಟರಿಯ ಮೈನಸ್ ಕಳಚಿ, ಕಾರನ್ನು ಎತ್ತರಿಸಿ, ರಟ್ಟು ಹಾಸಿಕೊಂಡು ಕೆಳಗೆ ಮಲಗಿದೆ. ಸ್ಟಾರ್ಟರ್ ಇದ್ದದ್ದು ಹೊಗೆ ಕೊಳವೆ ಮತ್ತು ಚಾಸಿಯ ಪೈಪಿನ ಸಂದಿಯಲ್ಲಿ. ಕೊಳವೆ ಬಿಚ್ಚದೆ ಕೈ ಹೋಗುವುದಿಲ್ಲ. ಮೇಲಿನ ಬೋಲ್ಟು ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲೇ ತಡಕಿ ಸ್ಪ್ಯಾನರ್ ಕೂರಿಸಬೇಕು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅಂತೂ ಹಳೆಯ ಮೋಟರ್ ಎದೆಯ ಮೇಲೆ ಬಂದು ಕೂತಿತು.

ಅದನ್ನು ಬೆಳಕಿಗೆ ಹಿಡಿದೆ. ಬೋಲ್ಟ್ ಹೋಗುವ ತೂತುಗಳು ದುಂಡಗಿರಲಿಲ್ಲ, ಒಂದು ಕಡೆಗೆ ಉದ್ದವಾಗಿದ್ದವು. ಒಳಗೆಲ್ಲ ಅರ ಹಾಕಿ ಉಜ್ಜಿದ ಗೆರೆಗಳು. ಅಂದರೆ ಅವನು ತಂದದ್ದು ಬೇರೆ ಇಂಜಿನ್ನಿನ ಸ್ಟಾರ್ಟರ್. ತೂತುಗಳು ಹೊಂದಲಿಲ್ಲ. ಹೊಂದದಿದ್ದಾಗ ಅರದಿಂದ ತೂತನ್ನು ಅಗಲ ಮಾಡಿ ಬಲವಂತವಾಗಿ ಬಿಗಿದಿದ್ದ. ಮೋಟರ್ ಓರೆಯಾಗಿ ಕೂತಿತ್ತು, ಅದರ ಹಲ್ಲು ಇಂಜಿನ್ನಿನ ಚಕ್ರಕ್ಕೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಟಕ್ ಎನ್ನುತ್ತಿದ್ದುದು ಅದಕ್ಕೇ. ತಪ್ಪು ತಿಳಿಯದೆ ಆದದ್ದಾಗಿದ್ದರೆ ನಾನು ಅಲ್ಲೇ ಬಿಟ್ಟುಬಿಡುತ್ತಿದ್ದೆ. ಆದರೆ ತಿಳಿಯದವನು ಅರ ಹಿಡಿಯುವುದಿಲ್ಲ. ಅಷ್ಟು ಜನರ ಎದುರು ಸೀಟಿನ ಮೇಲೆ ನಿಂತು ನನ್ನ ವೈರಿಂಗಿನ ಮಾತಾಡಿದಾಗ ಅವನಿಗೆ ಎಲ್ಲ ಗೊತ್ತಿತ್ತು.

ಹೊಸ ಮೋಟರನ್ನು ಮೊಣಕೈ ಮೇಲೆ ಆನಿಸಿಕೊಂಡು ಮೇಲಕ್ಕೆತ್ತಿದೆ. ತೂತಿಗೆ ತೂತು ಹೊಂದಿತು, ಎರಡೂ ಬೋಲ್ಟು ಬೆರಳಲ್ಲೇ ತಿರುಗಿ ಒಳಗೆ ಹೋದವು. ಬಿಗಿದು, ವೈರು ಕೊಟ್ಟು, ಕೊಳವೆ ಕಟ್ಟಿ, ಗುಂಡಿ ಒತ್ತಿದೆ. ಬೆರಳು ತೆಗೆಯುವುದರೊಳಗೆ ಇಂಜಿನ್ ಶುರುವಾಯಿತು. ಖುಷಿಯಾಗಬೇಕಿತ್ತು. ಆಗಲಿಲ್ಲ, ಮೈ ಉರಿಯಿತು. ಇಂಜಿನ್ ಆರಿಸಿ ಅಲ್ಲೇ ಬಕೆಟ್ ಬೋರಲು ಹಾಕಿಕೊಂಡು ಕೂತೆ. ಎದ್ದಾಗ ಏನು ಮಾಡಬೇಕೆಂದು ಗೊತ್ತಾಗಿತ್ತು.

ನನ್ನ ವೈರಿಂಗ್ ಕೆಟ್ಟದ್ದು ಎಂದನಲ್ಲ, ಅವನಿಗೋಸ್ಕರ ನಿಜವಾಗಿಯೂ ಒಂದು ಕೆಟ್ಟ ವೈರಿಂಗ್ ಮಾಡಿದೆ. ಡ್ರೈವರ್ ಸೀಟಿನ ಕೆಳಗೆ ಕೈಗೆ ಮಾತ್ರ ಸಿಗುವ ಹಾಗೆ ಒಂದು ಪುಟ್ಟ ಸ್ವಿಚ್ಚು. ಅದನ್ನು ಆಫ್ ಮಾಡಿದರೆ ಸ್ಟಾರ್ಟರಿಗೆ ಕರೆಂಟ್ ಹೋಗದು. ಗುಂಡಿ ಒತ್ತಿದಾಗ ಮೊದಲಿನಂತೆಯೇ ಟಕ್ ಎನ್ನಬೇಕಲ್ಲ, ಅದಕ್ಕೆಂದೇ ಬೇರೆ ಒಂದು ರಿಲೇ ಇಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ವೈರನ್ನೂ ಕಟ್ಟಿಲ್ಲ.

ಅವನು ಜಕಾರ್ತಾದಿಂದ ಬಂದ ಮೇಲಿನ ಭಾನುವಾರ ನಾನು ನಡು ಹಿಡಿದುಕೊಂಡು ಹೋದೆ.

“ನಡು ಹಿಡಕೊಂಡೈತೋ. ಡಾಕ್ಟರ್ ಭಾರ ದಬ್ಬಬ್ಯಾಡ ಅಂದಾರ,” ಎಂದೆ. “ನಾ ಸೀಟಿನ್ಯಾಗ ಕೂಡ್ತೀನಿ, ನೀ ದಬ್ಬು.”

ಟಕ್. ಅವನು ದಬ್ಬಿದ. ಮುಂದಿನ ಭಾನುವಾರವೂ ದಬ್ಬಿದ. ಕನ್ನಡಿಯಲ್ಲಿ ಅವನ ಮುಖ ಕೆಂಪಾಗಿ ಊದುವುದನ್ನು ನೋಡುತ್ತ, ಕ್ಲಚ್ ಬೇಗ ಬಿಡದೆ, ದಾರಿಯ ಅರ್ಧದವರೆಗೆ ದಬ್ಬಿಸುತ್ತಿದ್ದೆ. ಹೊಟ್ಟೆ ತಣ್ಣಗಾಗುತ್ತಿತ್ತು. ಆದರೂ ಒಂದು ನ್ಯಾಯ ಇಟ್ಟುಕೊಂಡಿದ್ದೆ. ಪ್ರತಿ ಸಲ ಕೇಳುತ್ತಿದ್ದೆ, “ಸ್ಟಾರ್ಟರ್ ಬಿಚ್ಚಿ ನೋಡೂಣೇನು?” ಅವನು ಹೂಂ ಎಂದಿದ್ದರೆ, ತೂತಿಗೆ ಅರ ಹಾಕಿದ್ದು ತಾನೇ ಎಂದಿದ್ದರೆ, ಅಲ್ಲಿಗೆ ಮುಗಿಯುತ್ತಿತ್ತು. ಮೊದಮೊದಲು ಅವನು, “ಅದರಾಗೇನಿಲ್ಲ, ನಿನ್ನ ವೈರ್ ನೋಡಕೊ,” ಎನ್ನುತ್ತಿದ್ದ. ಯುಗಾದಿಯ ನಂತರ ಅದನ್ನೂ ಬಿಟ್ಟ. ಸುಮ್ಮನೆ ಹಿಂದೆ ಹೋಗಿ ಕೈ ಇಡುತ್ತಿದ್ದ. ಸೋತಿದ್ದಾನೆ ಎಂದುಕೊಂಡೆ.

ಮತ್ತೆ ಆಯುಧ ಪೂಜೆ ಬಂತು. ಈ ಸಲ ಎಲ್ಲರನ್ನೂ ಕರೆದವನು ನಾನು. ಅದೇ ಜನ, ಅದೇ ಚೆಂಡು ಹೂವು, ಚಕ್ರಗಳ ಕೆಳಗೆ ನಿಂಬೆಹಣ್ಣು. ಮಗಳಿಗೆ ಫೋನ್ ಚಾರ್ಜ್ ಮಾಡಿಕೊಂಡು ಬಾ ಎಂದು ನಾನೇ ಹೇಳಿದ್ದೆ. ರೇಷ್ಮೆ ಶಲ್ಯ ಹೊದ್ದು ಡ್ರೈವರ್ ಸೀಟಿನಲ್ಲಿ ಕೂತು ಗುಂಡಿ ಒತ್ತಿದೆ. ಟಕ್. ಜನ ನಕ್ಕರು. “ವೈರಿಂಗ್ ಸಾಹೇಬ್ರೇ, ಇನ್ನೂ ಸರಿ ಆಗಿಲ್ವಾ?” ಎಂದು ಯಾರೋ ಕೂಗಿದರು. ನಾನು ಅವನ ಕಡೆ ತಿರುಗಿ ಅವನದೇ ಮಾತನ್ನು ಅವನಿಗೆ ಕೊಟ್ಟೆ.

“ಬನ್ನಿ ಸರ್, ತಳ್ಳಿ.”

ಅವನು ಹಿಂದೆ ಹೋಗಲಿಲ್ಲ. ನನ್ನ ಪಕ್ಕಕ್ಕೆ ಬಂದು, ಕನ್ನಡಿಗೆ ಸುತ್ತಿದ ಹೂವನ್ನು ಸರಿಮಾಡುವವನ ಹಾಗೆ ಬಾಗಿದ. ಮೆಲ್ಲಗೆ, ನಮ್ಮ ಮಾತಿನಲ್ಲಿ ಹೇಳಿದ:

“ಹೊಸಾ ಸ್ಟಾರ್ಟರ್ ಹಾಕೀದಿ. ಯುಗಾದಿ ಹೊತ್ತಿಗೇ ನೋಡೀನಿ ನಾ. ಬೋಲ್ಟ್ ಹೊಳ್ಯಾಕತ್ತಿದ್ದು. ಸೀಟಿನ ಕೆಳಗ ಸ್ವಿಚ್ಚೂ ನೋಡೀನಿ.”

ನಾನು ಕೇಳಿದೆ, “ಮತ್ತ ಇಷ್ಟ ದಿನ ಯಾಕ ದಬ್ಬಿದಿ?”

“ನಿನ್ನ ಸಿಟ್ಟು ಇಳೀಲಿ ಅಂತ.”

ಅವನ ಶಲ್ಯದ ತುದಿ ನನ್ನ ತೊಡೆಯ ಮೇಲೆ ಬಿದ್ದಿತ್ತು. ಕುತ್ತಿಗೆಯ ಮೇಲೆ ಬೆವರು. ಮೊದಲ ಸಲ ಅವನಿಗೆ ವಯಸ್ಸಾದದ್ದು ಕಂಡಿತು. ನನ್ನ ಕೈ ತಾನಾಗಿ ಸೀಟಿನ ಕೆಳಗೆ ಹೋಯಿತು, ಸ್ವಿಚ್ಚು ಬೆರಳಿಗೆ ಸಿಕ್ಕಿತು. ಒಂದು ಸಲ ಒತ್ತಿದರೆ ಸಾಕಿತ್ತು.

“ಅರ ಹಾಕಿದ್ದು ಎಲ್ಲಾರ ಮುಂದ ಹೇಳು,” ಎಂದೆ. “ಸಿಟ್ಟು ಈಗ ಇಳೀತೈತಿ.”

ಅವನು ತಲೆಯೆತ್ತಿ ಜನರನ್ನು ನೋಡಿದ. ಅವನ ಹೆಂಡತಿ ಆರತಿ ತಟ್ಟೆ ಹಿಡಿದು ನಿಂತಿದ್ದಳು, ನನ್ನ ಮಗಳು ಫೋನ್ ಎತ್ತಿದ್ದಳು. ಅವನು ಶಲ್ಯವನ್ನು ತೆಗೆದು ಮಡಚಿ ಪಕ್ಕದ ಸೀಟಿನ ಮೇಲೆ ಇಟ್ಟ. ಪಂಚೆಯನ್ನು ಎತ್ತಿ ಕಟ್ಟಿದ. ಕಾರಿನ ಹಿಂದೆ ಹೋಗಿ ಎರಡೂ ಕೈ ಇಟ್ಟು ನಿಂತ.

ನಾನು ಸ್ವಿಚ್ಚಿನಿಂದ ಕೈ ತೆಗೆದೆ, ಎರಡನೇ ಗೇರಿಗೆ ಹಾಕಿದೆ.