ಶೂಟಿಂಗಿಗೆ ಉಳಿದ ಆರು ಸಾಲು ಕಬ್ಬು

ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುತ್ತೇನೆ ಎಂದಾಗ ಐಗಳಿಯ ನಮ್ಮ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅದೊಂದು ಓದುವ ವಿಷಯ ಎಂದು ಯಾರೂ ನಂಬಿರಲೇ ಇಲ್ಲ. ಸಿನಿಮಾ ನೋಡಲಿಕ್ಕೂ ಪರೀಕ್ಷೆ ಇರುತ್ತದಂತೆ ಎಂದು ಅಪ್ಪ ದ್ರಾಕ್ಷಿ ತೋಟಕ್ಕೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳವು. ಪರೀಕ್ಷೆಯಂತೂ ಇತ್ತು, ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಕೊನೆಯ ವರ್ಷ ಯಾವುದಾದರೂ ಸಿನಿಮಾ ತಂಡದಲ್ಲಿ ಒಂದು ತಿಂಗಳು ಕೆಲಸ ಕಲಿತು, ಕಲಿತದ್ದು ನಿಜ ಎಂದು ಅವರಿಂದ ಪತ್ರ ತರಬೇಕು. ಪತ್ರ ಇಲ್ಲದಿದ್ದರೆ ಪದವಿ ಇಲ್ಲ. ನನ್ನ ಜೊತೆಯ ಹುಡುಗರು ಬೆಂಗಳೂರು, ಮುಂಬಯಿ ಎಂದು ಒಬ್ಬೊಬ್ಬರಾಗಿ ಸೇರಿಕೊಂಡರು. ನನಗೆ ಮಾತ್ರ ಎಲ್ಲ ಕಡೆಯಿಂದಲೂ ಒಂದೇ ಉತ್ತರ: ಹುಡುಗಿಯರನ್ನು ಇಟ್ಟುಕೊಳ್ಳಲು ನಮ್ಮಲ್ಲಿ ವ್ಯವಸ್ಥೆ ಇಲ್ಲ. ಅದು ಯಾವ ವ್ಯವಸ್ಥೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳ ಚಿತ್ರೋತ್ಸವ ನಡೆಯಿತು. ಕೊಲ್ಹಾಪುರದಿಂದ ಮರಾಠಿ ಚಿತ್ರದ ನಿರ್ದೇಶಕರೊಬ್ಬರು ಅತಿಥಿಯಾಗಿ ಬಂದರು. ಹುಡುಗರಿಗೆ ಅವರ ಜೊತೆ ವೇದಿಕೆಯ ಮೇಲೆ ಕೂಡುವ ಕೆಲಸ, ನನಗೆ ಅವರಿಗೆ ಚಹಾ ಕೊಡುವ ಕೆಲಸ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ಕಪ್ಪು ಹಿಡಿದು ಹೋದೆ. ಅವರು ಪಕ್ಕದವರಿಗೆ, ಮುಂದಿನ ಚಿತ್ರಕ್ಕೆ ನದಿ ದಂಡೆಯ ಕಬ್ಬಿನ ಹೊಲ ಬೇಕು, ಯಾರೂ ಶೂಟಿಂಗಿಗೆ ಕೊಡುತ್ತಿಲ್ಲ ಎಂದು ಹೇಳುತ್ತಿದ್ದರು. ಗಡಿಭಾಗದ ನಮ್ಮ ಕಡೆಯವರಿಗೆ ಮರಾಠಿ ಬೇರೆ ಕಲಿಯುವುದೇನಿಲ್ಲ. ಸಕ್ಕರೆ ಸಾಕೇ ಎಂದು ಕೇಳುವುದನ್ನು ಬಿಟ್ಟು, ಅಂಕಲಿಯಲ್ಲಿ ಕೃಷ್ಣೆಯ ಮಗ್ಗುಲಿಗೇ ನನ್ನ ಸೋದರಮಾವನ ಹೊಲ ಇದೆ, ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಿ, ಹೊಲ ಕೊಡಿಸುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಜೋರಾಗಿ ನಕ್ಕು ಒಪ್ಪಿದರು.

ಮಾಮನನ್ನು ಕೇಳಿದ್ದು ಆಮೇಲೆ. "ಬರ್ಲಿ ತಗೋ. ಎಷ್ಟ್ ಮಂದಿ ಬರ್ತಾರ ಅಷ್ಟ ಹೇಳು, ರೊಟ್ಟಿ ಮಾಡಸೂನು," ಅಂದ. ಅತ್ತೆ ಮಾತ್ರ, "ಹೀರೋಯಿನ್ ಜ್ವಾಳದ ರೊಟ್ಟಿ ತಿಂತಾಳೇನ?" ಎಂದು ಕೇಳಿದಳು.

ತಂಡದಲ್ಲಿ ನನಗೆ ಸಿಕ್ಕಿದ್ದು ಕಂಟಿನ್ಯುಟಿ ಕೆಲಸ. ಒಂದೇ ದೃಶ್ಯವನ್ನು ಎರಡು ದಿನ ತೆಗೆದರೂ ನೋಡುವವರಿಗೆ ಅದು ಒಂದೇ ಗಳಿಗೆಯಂತೆ ಕಾಣಬೇಕು. ಹಾಗಾಗಿ ನಾಯಕಿಯ ಕೈಯಲ್ಲಿ ಎಷ್ಟು ಬಳೆ, ಸೆರಗು ಯಾವ ಹೆಗಲಿಗೆ, ಬೆವರು ಎಲ್ಲಿಯವರೆಗೆ, ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದಿಡಬೇಕು. ಇಪ್ಪತ್ತೆಂಟು ದಿನ ಕೊಲ್ಹಾಪುರದ ಸುತ್ತಮುತ್ತ ಒಂದು ತಪ್ಪೂ ಇಲ್ಲದೆ ಬರೆದೆ. ಕೊನೆಯ ಎರಡು ದಿನ ಅಂಕಲಿಯಲ್ಲಿ. ನಾಯಕಿ ಕಬ್ಬಿನ ಸಾಲಿನೊಳಗಿಂದ ಓಡಿಬಂದು ಅಣ್ಣನನ್ನು ಕಾಣುವ ದೃಶ್ಯ. ಮೊದಲ ದಿನ ಅಣ್ಣನ ಕಡೆಯಿಂದ ತೆಗೆದಾಯಿತು, ನಾಯಕಿಯ ಮುಖ ಮರುದಿನಕ್ಕೆ ಉಳಿಯಿತು. ಮಾಮನ ಅಂಗಳದಲ್ಲಿ ಇಡೀ ತಂಡ ಊಟಕ್ಕೆ ಕೂತಾಗ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದರೆ ಹತ್ತು ಎತ್ತಿನ ಗಾಡಿ ಬಂದು ನಿಂತಿವೆ. ಗಂಡಸರು, ಹೆಂಗಸರು ಕೊಯ್ತಾ ಎಂಬ ಕತ್ತಿ ಮಸೆಯುತ್ತಿದ್ದಾರೆ. ಸಕ್ಕರೆ ಫ್ಯಾಕ್ಟರಿಯಿಂದ ಕಬ್ಬು ಕಡಿಯುವ ಗ್ಯಾಂಗು! ಹಿಂದಿನ ಸಂಜೆ ಮಾಮನಿಗೆ ಕಟಾವಿನ ಚೀಟಿ ಬಂದಿತ್ತಂತೆ.

ಇಲ್ಲಿ ನನ್ನ ದಡ್ಡತನ ಹೇಳಲೇಬೇಕು. ನಾವು ದ್ರಾಕ್ಷಿಯವರು. ಹಣ್ಣು ಯಾವತ್ತು ಕೊಯ್ಯಬೇಕು ಎನ್ನುವುದನ್ನು ಅಪ್ಪನೇ ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಿ ಹೇಳುತ್ತಿದ್ದ. ಕಬ್ಬಿನವರ ಹಣೆಬರಹ ಬೇರೆ. ಕಬ್ಬು ಅವರದು, ಕಡಿಯುವ ದಿನ ಫ್ಯಾಕ್ಟರಿಯದು. ಪಾಳಿ ಬಂದ ದಿನ ಗ್ಯಾಂಗನ್ನು ವಾಪಸು ಕಳಿಸಿದರೆ ಮತ್ತೆ ಯಾವಾಗ ಬರುತ್ತಾರೋ ದೇವರಿಗೇ ಗೊತ್ತು, ಅಷ್ಟರಲ್ಲಿ ನಿಂತ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಬಳೆಯ ಲೆಕ್ಕ ಬರೆದವಳು ಪಾಳಿ ಯಾವಾಗ ಎಂದು ಒಂದು ಮಾತು ಕೇಳಿರಲಿಲ್ಲ.

ನಿರ್ದೇಶಕರ ಮುಖ್ಯ ಸಹಾಯಕ ಗಾಡಿಗಳನ್ನು ನೋಡಿದವನೇ ನನ್ನ ಕಡೆ ತಿರುಗಿದ. "ಊಸ ನಾಹೀ, ತರ ಪತ್ರ ನಾಹೀ!" ಅಂದ. ಕಬ್ಬು ಇಲ್ಲದಿದ್ದರೆ ಪತ್ರವೂ ಇಲ್ಲ. ನಾಯಕಿ ಮರುದಿನವೇ ಬೇರೆ ಚಿತ್ರಕ್ಕೆ ಹೋಗುವವಳು, ಪತ್ರ ಒಪ್ಪಿಸಲು ನನಗಿದ್ದದ್ದು ಎರಡೇ ದಿನ. ನಾನು ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಹೋಗಿ ಮಾಮನ ಮೇಲೆ ಸುರಿದೆ.

"ನಿನ್ನೆ ಸಂಜಿಕ ಗೊತ್ತಿತ್ತು, ಒಂದ್ ಮಾತ್ ಹೇಳಾಕ ಏನಾಗಿತ್ತು ಮಾಮಾ? ನನ್ನ ಮೂರು ವರ್ಷ ನೀರಾಗ ಹೋತು!"

ಅಷ್ಟು ಜನರ ಮುಂದೆ ಸೋದರಸೊಸೆ ಕೂಗಾಡಿದರೂ ಅವನು ದನಿ ಏರಿಸಲಿಲ್ಲ. "ಹೇಳಿದ್ರ ನೀ ಉಣ್ತಿದ್ದಿಲ್ಲ," ಅಂದ. "ಎಷ್ಟ್ ಸಾಲು ಕಾಣ್ತಾವ ನಿಮ್ಮ ಕ್ಯಾಮೆರಾದಾಗ? ಕೇಳ್ಕೊಂಡ್ ಬಾ."

ಕ್ಯಾಮೆರಾದವರು ಆರು ಸಾಲು ದಟ್ಟವಾಗಿ ನಿಂತಿದ್ದರೆ ಹಿಂದೆ ಏನಿದೆಯೋ ಕಾಣುವುದಿಲ್ಲ ಎಂದರು. ಮಾಮ ಗ್ಯಾಂಗಿನ ಯಜಮಾನ ಮುಕಾದಮನ ಹತ್ತಿರ ಹೋಗಿ ಮರಾಠಿಯಲ್ಲಿ ಮಾತಾಡಿದ. ರಸ್ತೆಯ ಕಡೆಯಿಂದ ಕಡಿಯಬೇಕಾದ ಹೊಲವನ್ನು ಅವರು ರಸ್ತೆಯ ಮಗ್ಗುಲಿನ ಆರು ಸಾಲು ಬಿಟ್ಟು ನದಿಯ ಕಡೆಯಿಂದ ಶುರುಮಾಡಿದರು. ಗಾಡಿಗಳು ಸುತ್ತು ಹಾಕಿ ಹೋದರೂ ದಂಡೆಯವರೆಗೆ ಇಳಿಯಲಾಗಲಿಲ್ಲ, ಕಡಿದ ಕಬ್ಬನ್ನು ಗಾಡಿಯವರೆಗೆ ಅಷ್ಟು ದೂರ ತಲೆಯ ಮೇಲೆ ಹೊತ್ತದ್ದು ಹೆಂಗಸರು.

ಅಂತೂ ಬದುಕಿಕೊಂಡೆ ಅಂದುಕೊಳ್ಳುವಷ್ಟರಲ್ಲಿ ಸೌಂಡಿನವನು ಕೈ ಎತ್ತಿದ. ಕೊಯ್ತಾದ ಸದ್ದು ಮಾತಿನೊಳಗೆ ಬರುತ್ತಿದೆಯಂತೆ. ತೂಕದ ಮೇಲೆ ಕೂಲಿ ಇದ್ದವರನ್ನು ಸುಮ್ಮನೆ ಕೂಡಿ ಎಂದು ಯಾವ ಬಾಯಿಂದ ಕೇಳುವುದು? ಆದರೂ ಹೋದೆ. ಹರಿದ ಅಂಗಿಯನ್ನು ಸೀರೆಯ ಮೇಲೆ ತೊಟ್ಟಿದ್ದ ಒಬ್ಬಾಕೆ ನನ್ನ ಮುಖ ನೋಡಿ, ಮರಾಠಿಯಲ್ಲಿ, "ನೀನು ಕೈ ಎತ್ತು, ನಾವು ಕೂಡುತ್ತೇವೆ. ಇಷ್ಟು ವರ್ಷದಲ್ಲಿ ನಮಗೆ ಕೂಡು ಅಂದವಳು ನೀನೊಬ್ಬಳೇ," ಎಂದು ನಕ್ಕಳು. ಆ ದಿನ ಹನ್ನೊಂದು ಸಲ ಕೈ ಎತ್ತಿದೆ. ಹನ್ನೊಂದು ಸಲವೂ ಇಡೀ ಗ್ಯಾಂಗು ಕೊಯ್ತಾ ಕೆಳಗಿಟ್ಟು ಕಬ್ಬಿನ ಒಣಗರಿಯ ರವದಿಯ ಮೇಲೆ ಕೂತಿತು. ಒಂದು ಕೂಸು ಅತ್ತದ್ದಕ್ಕೆ ತಾಯಿ ಅದರ ಬಾಯಿಗೆ ಕಬ್ಬಿನ ಚೂರು ಕೊಟ್ಟಳು. ಅವರ ಊರು ಯಾವುದೆಂದು ಕೂಡ ನಾನು ಕೇಳಲಿಲ್ಲ. ಅದನ್ನು ನೆನೆಸಿಕೊಂಡಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಸೂರ್ಯ ಇಳಿಯುವ ಮೊದಲೇ ದೃಶ್ಯ ಮುಗಿಯಿತು. ಎರಡು ದಿನವೂ ಹೊಲವನ್ನು ಒಂದೇ ರೀತಿ ಕಾಯ್ದುಕೊಂಡವಳು ಎಂದು ನಿರ್ದೇಶಕರು ಪತ್ರದಲ್ಲಿ ನನ್ನನ್ನೇ ಹೊಗಳಿದರು. ಗ್ಯಾಂಗು ಬೇರೆಯವರ ಹೊಲಕ್ಕೆ ಹೋಯಿತು, ನಾನು ಚಿಕ್ಕೋಡಿಯ ಬಸ್ಸು ಹತ್ತಿ ಓಡಿದೆ. ಬೋಳು ಹೊಲದ ಅಂಚಿನಲ್ಲಿ ಆರು ಸಾಲು ನಿಂತೇ ಇದ್ದವು. ಅವುಗಳ ಗತಿ ಏನು ಎಂಬ ವಿಚಾರ ನನ್ನ ತಲೆಗೆ ಬರಲಿಲ್ಲ.

ಪಾಸಾದ ಸುದ್ದಿ ಹೇಳಲು ಪೇಡೆ ತೆಗೆದುಕೊಂಡು ಅಂಕಲಿಗೆ ಹೋದದ್ದು ಬೇಸಿಗೆಯಲ್ಲಿ. ಅತ್ತೆ ಬಾಯಿ ಸಿಹಿ ಮಾಡಿಕೋ ಎಂದು ಬೆಲ್ಲ ಕೊಟ್ಟಳು. "ನಿನ್ನ ಶೂಟಿಂಗಿನ ಬೆಲ್ಲ ಇದು," ಅಂದಳು. ಪಾಳಿ ಮುಗಿದ ಮೇಲೆ ಆ ಆರು ಸಾಲಿಗೆ ಯಾರೂ ಬರಲಿಲ್ಲವಂತೆ. ವರ್ಷಗಟ್ಟಲೆ ಕೊಯ್ತಾ ಮುಟ್ಟದಿದ್ದ ಮಾಮ, ಅತ್ತೆ ಇಬ್ಬರೇ ಎಂಟು ದಿನ ಕಡಿದು ಗಾಣಕ್ಕೆ ಹಾಕಿದ್ದರು. "ಸ್ವಂಟ ಹಿಡದು ಹದಿನೈದು ದಿನ ಮಲಗಿದ್ರವ್ವಾ ನಿಮ್ಮ ಮಾಮಾ. ನಿನಗ ಹೇಳಬ್ಯಾಡ ಅಂದಿದ್ರು."

ಬೆಲ್ಲ ಬಾಯಲ್ಲಿದ್ದಂತೆಯೇ ಎದ್ದೆ. ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದ ಮಾಮನ ಹತ್ತಿರ ಹೋದೆ. ನಮ್ಮ ಮನೆಗಳಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ರೂಢಿಯೇ ಇಲ್ಲ. ಅವತ್ತು ನಾನು ಅಳುತ್ತ ಹೇಳಿದೆ.

ಮಾಮ ಗಾಬರಿಯಿಂದ ನನ್ನ ಮುಖ ನೋಡಿದ. ಆಮೇಲೆ ಅತ್ತ ಕಡೆ ಎದೆಯೆತ್ತರ ಬೆಳೆದಿದ್ದ ಹೊಸ ಕಬ್ಬನ್ನು ನೋಡಿದ.

"ಯಾಕ ಯವ್ವಾ," ಅಂದ, "ಮತ್ತ ಹೊಲ ಬೇಕಾಗೇತೇನು?"